ನೆಟ್ಟನೆಯ ಬೆನ್ನು, ನಿಡಿದಾದ ಉಸಿರು

ಉಸಿರಾಟ ಸರಾಗವಾಗಿ ನಡೆಯುವವರೆಗೆ ನಾವು ಅದನ್ನು ಗಮನಿಸುವುದೇ ಇಲ್ಲ. ಹಲಸೂರು ಮೆಟ್ರೊ ನಿಲ್ದಾಣದ ಮೆಟ್ಟಿಲೇರುವಾಗಲೋ, ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆಯುವಾಗಲೋ ನಡುದಾರಿಯಲ್ಲಿ ಏದುಸಿರು ಬಿಡುತ್ತ ನಿಲ್ಲಬೇಕಾದಾಗ ಅದರ ಬೆಲೆ ಅರಿವಾಗುತ್ತದೆ. ಇಂತಹ ಏದುಸಿರು, ಕೆಮ್ಮು, ಕಫ ತಿಂಗಳುಗಟ್ಟಲೆ ಉಳಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರಲಾಗದು. ಅದು ಸಿ.ಒ.ಪಿ.ಡಿ. ಎಂಬ ದೀರ್ಘಕಾಲಿಕ ಶ್ವಾಸಕೋಶ ರೋಗವಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಈ ರೋಗದಿಂದ ಮೃತರಾದರು. ಬೀಡಿ, ಸಿಗರೇಟುಗಳಷ್ಟೇ ಅಲ್ಲ, ಸೌದೆ ಒಲೆಯ ಹೊಗೆ ಹಾಗೂ ಕೆಲಸದ ಸ್ಥಳದ ಧೂಳು ಕೂಡ ಇದಕ್ಕೆ ಕಾರಣ. ಕೆ.ಆರ್. ಪುರದಂತಹ ವಾಹನದಟ್ಟಣೆಯ ಪ್ರದೇಶದ ಹೊಗೆ ಅದನ್ನು ಉಲ್ಬಣಗೊಳಿಸುತ್ತದೆ.

ಸ್ನಾಯುಗಳಿಗೇಕೆ ತರಬೇತಿ?

ಈ ರೋಗದಲ್ಲಿ ಶ್ವಾಸನಾಳಗಳು ಕಿರಿದಾಗಿ, ಒಳಹೊಕ್ಕ ಗಾಳಿ ಪೂರ್ಣವಾಗಿ ಹೊರಬಾರದೆ ಶ್ವಾಸಕೋಶದಲ್ಲಿಯೇ ಸಿಲುಕುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯಂತೆ ಕಮಾನಾಗಿರುವ ವಪೆಯೇ ಉಸಿರಾಟದ ಪ್ರಧಾನ ಸ್ನಾಯು. ಉಬ್ಬಿದ ಶ್ವಾಸಕೋಶ ಅದನ್ನು ಕೆಳಕ್ಕೊತ್ತಿ ಚಪ್ಪಟೆಯಾಗಿಸಿದಾಗ ಅದರ ಬಲ ಕುಗ್ಗಿ, ಕತ್ತು ಮತ್ತು ಹೆಗಲಿನ ಸ್ನಾಯುಗಳು ಆ ಹೊರೆಯನ್ನು ಹೊರಬೇಕಾಗುತ್ತದೆ. ಹೆಗಲು ಮೇಲೇರುತ್ತದೆ, ಬೆನ್ನು ಬಾಗುತ್ತದೆ, ಎದೆಗೂಡು ಬಿಗಿಯುತ್ತದೆ. ಹಾಳಾದ ವಾಯುಕೋಶಗಳು ಮತ್ತೆ ಬೆಳೆಯಲಾರವು. ಆದರೆ ಸ್ನಾಯುಗಳನ್ನು ಇಳಿವಯಸ್ಸಿನಲ್ಲಿಯೂ ಪಳಗಿಸಬಹುದು.

ಭಂಗಿಯ ಅಭ್ಯಾಸ

ಗಟ್ಟಿಯಾದ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಕುಳಿತುಕೊಳ್ಳಬೇಕು. ಉಸಿರೆಳೆಯುತ್ತ ಎದೆಯನ್ನು ಅರಳಿಸಿ, ಹೆಗಲುಗಳನ್ನು ಮೃದುವಾಗಿ ಹಿಂದಕ್ಕೆ ತಂದು, ಉಸಿರು ಬಿಡುತ್ತ ಸಡಿಲಿಸಬೇಕು. ಅನಂತರ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಸೊಂಟದ ಮೇಲಿನ ಭಾಗವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಬೇಕು. ಒಂದೊಂದನ್ನೂ ಐದಾರು ಸಲ ಮಾಡಿದರೆ ಸಾಕು. ಏದುಸಿರು ಬಂದಾಗ ಮಾತ್ರ ಭಂಗಿ ಬೇರೆ: ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಬೇಕು, ನಿಂತಿದ್ದರೆ ಕೈಗಳನ್ನು ಗೋಡೆಗೆ ಊರಬೇಕು. ಆಗ ವಪೆ ತನ್ನ ಕಮಾನಿನ ಆಕಾರವನ್ನು ಒಂದಿಷ್ಟು ಮರಳಿ ಪಡೆಯುತ್ತದೆ.

ಆಸರೆಯಿಲ್ಲದೆ ಕೈ ಎತ್ತಿಹಿಡಿದರೂ ಈ ರೋಗಿಗಳಿಗೆ ಉಸಿರು ಸಾಲದಾಗುತ್ತದೆ. ಆದುದರಿಂದ ಇಷ್ಟಲಿಂಗಪೂಜೆಯ ಹೊತ್ತಿನಲ್ಲಿ ಮೊಣಕೈಗೆ ದಿಂಬಿನ ಆಸರೆ ಕೊಡುವುದು, ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕೂರುವುದು ಒಳಿತು.

ಉಸಿರಿನ ಅಭ್ಯಾಸ

ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದು, ದೀಪ ಆರದೆ ಕುಡಿಯಷ್ಟೇ ಅಲುಗುವ ಹಾಗೆ ತುಟಿ ಕಿರಿದಾಗಿಸಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ಇದರಿಂದ ಶ್ವಾಸನಾಳಗಳು ಹೆಚ್ಚು ಹೊತ್ತು ತೆರೆದಿದ್ದು ಸಿಲುಕಿದ ಗಾಳಿ ಹೊರಬರುತ್ತದೆ. ಮೆಟ್ಟಿಲೇರುವಾಗ ನಿಂತು ಉಸಿರೆಳೆದು, ಬಿಡುತ್ತ ಒಂದೆರಡು ಮೆಟ್ಟಿಲು ಹತ್ತಬೇಕು. ಭಸ್ತ್ರಿಕಾ, ಕಪಾಲಭಾತಿಯಂತಹ ವೇಗದ ಪ್ರಾಣಾಯಾಮಗಳಿಂದ ಗಾಳಿ ಇನ್ನಷ್ಟು ಸಿಲುಕಬಹುದು. ವೈದ್ಯರನ್ನು ಕೇಳದೆ ಅವುಗಳನ್ನು ಮಾಡಬಾರದು.

ಉಸಿರಾಟದ ಸ್ನಾಯುಗಳಿಗೆಂದೇ ಸ್ಪ್ರಿಂಗ್ ಕವಾಟವುಳ್ಳ ಸಣ್ಣ ಉಪಕರಣವೊಂದಿದೆ. ನಿಗದಿತ ಬಲದಿಂದ ಉಸಿರೆಳೆದಾಗ ಮಾತ್ರ ಕವಾಟ ತೆರೆಯುತ್ತದೆ. ಸಾಮಾನ್ಯವಾಗಿ ರೋಗಿಯ ಗರಿಷ್ಠ ಬಲದ ಶೇಕಡ 30ರಷ್ಟರಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ, ಕೆಲವು ವಾರ ಮುಂದುವರಿಸುತ್ತಾರೆ. ಶಸ್ತ್ರಚಿಕಿತ್ಸೆಯ ತರುವಾಯ ಕೊಡುವ ಮೂರು ಚೆಂಡುಗಳ ಉಪಕರಣ ಇದಲ್ಲ. ಅದರಲ್ಲಿ ಬಲವನ್ನು ಹೀಗೆ ನಿಗದಿಪಡಿಸಲಾಗದು. ಉಪಕರಣ ಕೊಳ್ಳಲಾಗದವರು ಕೊರಗಬೇಕಿಲ್ಲ. ನಡಿಗೆಯನ್ನೊಳಗೊಂಡ ಪುನಶ್ಚೇತನ ತರಬೇತಿ ಪಡೆಯುತ್ತಿರುವವರಿಗೆ ಅದರಿಂದ ಸಿಗುವ ಹೆಚ್ಚುವರಿ ಲಾಭ ಅಲ್ಪವೆಂದೇ ಅಧ್ಯಯನಗಳು ತಿಳಿಸುತ್ತವೆ. ಹಲಸೂರು ಕೆರೆಯ ದಂಡೆಯಲ್ಲಿ, ಬೇಕೆಂದಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತ ಮಾಡುವ ನಿತ್ಯದ ನಡಿಗೆಗೆ ಬೆಲೆ ತೆರಬೇಕಿಲ್ಲ.

ಎಚ್ಚರವಿರಲಿ

ಈ ಅಭ್ಯಾಸಗಳು ಇನ್‌ಹೇಲರಿಗೆ ಬದಲಿಯಲ್ಲ; ಧೂಮಪಾನವನ್ನು ಬಿಡುವುದೂ ಅಗತ್ಯ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಭ್ಯಾಸಕ್ಕೆ ಮೊದಲು ಸ್ಪೈರೊಮೆಟ್ರಿ ಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಈ ಭಾಗದವರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಅಥವಾ ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು ವಿಚಾರಿಸಬಹುದು. ಎದೆರೋಗಗಳಿಗೆಂದೇ ಮೀಸಲಾದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮೀಪದಲ್ಲಿದೆ.

ಏದುಸಿರಿಗೆ ಅಂಜಿ ಕುಳಿತವರ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದಷ್ಟೂ ಏದುಸಿರು ಹೆಚ್ಚುತ್ತದೆ. ಮನೆಯ ಹಿರಿಯರು ಬಾಗಿಲಾಚೆ ಹೋಗುವುದನ್ನು ಬಿಟ್ಟಿದ್ದರೆ, ಅವರ ಕೈಹಿಡಿದು ದಿನಕ್ಕೆ ಹತ್ತು ಹೆಜ್ಜೆಯಾದರೂ ನಡೆಸುವುದು ಮನೆಮಂದಿಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.