ಮಣ್ಣು ಬರೆದಿಟ್ಟ ಮಳೆಯ ಲೆಕ್ಕ



ದಿನವಹಿ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ನಮ್ಮ ಅನೇಕ ತೋಟಗಳಲ್ಲಿದೆ. ಹೆಚ್ಚೆಂದರೆ ಅಜ್ಜನ ಕಾಲದ ಲೆಕ್ಕ ಸಿಕ್ಕೀತು. ಆದರೆ 26 ಲಕ್ಷ ವರ್ಷಗಳ ಲೆಕ್ಕವನ್ನು ಚೀನಾದ ಮಣ್ಣು ಕಾದಿಟ್ಟಿದೆ.

ಉತ್ತರ ಚೀನಾದಲ್ಲಿ, ಹಳದಿ ನದಿಯ ಪ್ರದೇಶದಲ್ಲಿ, 'ಲೋಯೆಸ್' ಎಂಬ ಹಳದಿ ಮಣ್ಣಿನ ವಿಶಾಲ ಪ್ರಸ್ಥಭೂಮಿಯಿದೆ. ಅದು ಅಲ್ಲಿಯ ಬಂಡೆ ಕಳಿತು ಆದ ಮಣ್ಣಲ್ಲ. ಒಣ ಮರುಭೂಮಿಗಳಿಂದ ಗಾಳಿ ಹೊತ್ತು ತಂದು ಸುರಿದ ನಯವಾದ ಧೂಳು. ಲೊಚುವಾನ್ ಎಂಬಲ್ಲಿ ಅದರ ದಪ್ಪ ಸುಮಾರು 135 ಮೀಟರು. ಅಲ್ಲಿ ಕೊರೆದ ಕಣಿವೆಯ ಗೋಡೆಯಲ್ಲಿ ಹಳದಿ ಪದರ, ಅದರ ಕೆಳಗೆ ಕೆಂಗಂದು ಪದರ, ಮತ್ತೆ ಹಳದಿ, ಹೀಗೆ ಪಟ್ಟೆಗಳು ಕಾಣುತ್ತವೆ.

ಇದರ ಅರ್ಥ ಕೃಷಿಕನಿಗೆ ಸುಲಭವಾಗಿ ತಿಳಿಯುವಂಥದು. ಹಿಮಯುಗಗಳಲ್ಲಿ ಚಳಿಗಾಲದ ಗಾಳಿ ಬಲಿತು, ಬೇಸಿಗೆಯ ಮಾನ್ಸೂನ್ ಸೋತು, ಧೂಳು ದಪ್ಪವಾಗಿ ಬಿತ್ತು. ಬೆಚ್ಚನೆಯ ಕಾಲದಲ್ಲಿ ಮಳೆ ಹೆಚ್ಚಿ, ಹುಲ್ಲು ಗಿಡ ಬೆಳೆದು, ಬೇರು ಹುಳುಗಳು ದುಡಿದು, ಅದೇ ಧೂಳು ಕೆಂಗಂದು ಮಣ್ಣಾಯಿತು. ಮಣ್ಣಾಗುವಾಗ ಕಬ್ಬಿಣದ ಅತಿ ಸೂಕ್ಷ್ಮ ಕಾಂತಕಣಗಳು ಹುಟ್ಟುತ್ತವೆ. ಆದ್ದರಿಂದ ಕಾಂತಗುಣವನ್ನು ಅಳೆದರೆ ಮಳೆಯ ಏರಿಳಿತ ತಿಳಿಯುತ್ತದೆ.

ಪದರಗಳ ವಯಸ್ಸು ತಿಳಿಯುವುದು ಹೇಗೆ? ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ. ಕೊನೆಯ ಪೂರ್ಣ ಬದಲಾವಣೆ ಸುಮಾರು 7,80,000 ವರ್ಷಗಳ ಹಿಂದಿನದು. ಅದರ ಗುರುತು ಧೂಳಿನಲ್ಲಿ ಉಳಿದಿದೆ. ಈ ಗುರುತುಗಳಿಂದ ಲೊಚುವಾನಿನ ಪದರಗಳ ಕಾಲವನ್ನು ಹೆಲ್ಲರ್ ಮತ್ತು ಲಿಯು ತುಂಗ್‌ಷೆಂಗ್ 1982ರಲ್ಲಿ ಪ್ರಕಟಿಸಿದರು. ಮುಂದೆ ಸಾಗರತಳದ ಕೆಸರಿನ ದಾಖಲೆಯೊಡನೆ ತಾಳೆ ನೋಡಿದಾಗ ಎರಡೂ ಬಹುಮಟ್ಟಿಗೆ ಹೊಂದಿದವು. ನಮ್ಮ ದೇಶದಲ್ಲಿ ಕಾಶ್ಮೀರದ ಕರೇವಾ ದಿಣ್ಣೆಗಳ ಮೇಲೂ ಲೋಯೆಸ್ ಇದೆ.

ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟ. ಮಾನ್ಸೂನ್ ಎಂದೂ ಒಂದೇ ತೆರನಾಗಿರಲಿಲ್ಲ. ಮತ್ತು ಮಣ್ಣು ಹುಟ್ಟಲು ಸಾವಿರಾರು ವರ್ಷ ಬೇಕು, ಕಳೆಯಲು ಬೇಡ. ಇಳಿಜಾರಿನ ಕಾಡು ಕಡಿದು ಉತ್ತಿದ್ದರಿಂದ ಹಳದಿ ನದಿ ಒಂದು ಕಾಲಕ್ಕೆ ವರ್ಷಕ್ಕೆ ಸುಮಾರು 160 ಕೋಟಿ ಟನ್ ಮಣ್ಣು ಹೊತ್ತೊಯ್ಯುತ್ತಿತ್ತು. ಮೆಟ್ಟಿಲು ಗದ್ದೆ, ಅಣೆಕಟ್ಟೆಗಳಿಂದಲೂ, 1999ರಿಂದ ಉಳುವ ಇಳಿಜಾರನ್ನು ಮರಳಿ ಕಾಡು ಹುಲ್ಲಿಗೆ ಬಿಟ್ಟಿದ್ದರಿಂದಲೂ ಅದು ಬಹಳ ತಗ್ಗಿದೆ.

ನಮ್ಮ ಮಲೆನಾಡಿನ ಮಣ್ಣು ಗಾಳಿ ತಂದದ್ದಲ್ಲ, ಬಂಡೆ ಕಳಿತು ಆದದ್ದು. ಕಳೆದುಹೋದರೆ ಗಾಳಿಯೂ ತಂದುಕೊಡದು. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಯಾರೂ ಮರೆತಿಲ್ಲ. ಅಂಥ ಕುಸಿತವನ್ನು ತಡೆಯುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲದಿರಬಹುದು. ವರ್ಷವರ್ಷವೂ ಸದ್ದಿಲ್ಲದೆ ಹೋಗುವ ಮೇಲ್ಮಣ್ಣನ್ನು ತಡೆಯುವುದು ಇದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ತೊಟ್ಟಿಲು ಗುಂಡಿಗಳನ್ನು ಬಿಡಿಸಿ, ದರಗನ್ನು ನೆಲದ ಮೇಲೇ ಉಳಿಸಿ, ನೆರಳು ಮರ ಕಡಿಯುವ ಮುನ್ನ ಎರಡು ಸಲ ಯೋಚಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ