ಕಿಂಡಿ ಕೊರೆದ ಮೊಟ್ಟೆ

ಸೊರಬ ತಾಲ್ಲೂಕಿನ ಜಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಲಂಡನ್ನಿನಲ್ಲಿರುವ ಅವರ ತಮ್ಮ ರಜೆಗೆ ಬಂದಾಗ ಒಂದು ಫೋಟೊ ಮಗ್ ತಂದುಕೊಟ್ಟನಂತೆ. ಅದರ ಮೇಲೆ ದೊಡ್ಡದೊಂದು ಮೊಟ್ಟೆ, ಮೊಟ್ಟೆಯ ಮಗ್ಗುಲಿಗೆ ಕೊರೆದ ಕಿಂಡಿ, ಕೆಳಗೆ ‘ಅಂಟಾರ್ಕ್ಟಿಕ, 1911’ ಎಂಬ ಬರಹ. ಅತ್ತೆಯವರು ನೋಡಿದ್ದೇ ತಡ, ‘ಮೂರು ದಾರಿ ಕೂಡೋ ಕಡೆ ಇಡೋ ಮೊಟ್ಟೆ ಇದ್ದ ಹಾಗಿದೆ, ಚಾ ಕುಡಿಯೋದರ ಮೇಲೆ ಇದೆಲ್ಲ ಬೇಡ’ ಎಂದು ಅಟ್ಟಕ್ಕೆ ಹಾಕಿಸಿದರು. ಇದು ಯಾವ ಹಕ್ಕಿಯದು, ತೂತು ಯಾಕೆ ಎಂಬುದು ಪ್ರಶ್ನೆ.

ಮಾಟದ ಮಾತನ್ನು ಮೊದಲು ಮುಗಿಸಿಬಿಡೋಣ. ಮೊಟ್ಟೆಯೊಳಗಿರುವುದು ಬಿಳಿ ಲೋಳೆ, ಹಳದಿ ಭಂಡಾರ, ಕಾವು ಕೂಡಿಬಂದರೆ ಒಂದು ಜೀವ. ದಾರಿಯಲ್ಲಿಟ್ಟ ಮೊಟ್ಟೆ ದಾಟಿದ್ದಕ್ಕೆ ಯಾರಿಗೂ ಜ್ವರ ಬರುವುದಿಲ್ಲ, ಯಾರ ಎಮ್ಮೆಯ ಹಾಲೂ ಬತ್ತುವುದಿಲ್ಲ. ಹಾಗೆಂದು ಹೆದರಿಸಿ ಮಂತ್ರವಾದಿಗಳು ಬಡವರ ಕೈಯಿಂದ ದುಡ್ಡು ಕೀಳುವುದನ್ನು ನೋಡಿ ನನಗೆ ಸಿಟ್ಟು ಬರುತ್ತದೆ.

ಅದು ಎಂಪರರ್ ಪೆಂಗ್ವಿನ್ನಿನ ಮೊಟ್ಟೆ. ಸ್ಕಾಟ್‌ನ ದಕ್ಷಿಣ ಧ್ರುವ ಯಾತ್ರೆಯ ತಂಡದಿಂದ ವಿಲ್ಸನ್, ಬವರ್ಸ್, ಚೆರ್ರಿ-ಗೆರಾರ್ಡ್ ಎಂಬ ಮೂವರು 1911ರ ಜೂನ್ 27ರಂದು, ಸೂರ್ಯನೇ ಹುಟ್ಟದ ಕತ್ತಲೆಯ ಚಳಿಗಾಲದಲ್ಲಿ, ಸ್ಲೆಡ್ಜ್ ಎಳೆದುಕೊಂಡು ಕೇಪ್ ಕ್ರೋಜಿಯರ್‌ಗೆ ಹೊರಟರು. ದಾರಿ ನೂರು ಕಿಲೋಮೀಟರ್ ಚಿಲ್ಲರೆ. ಚಳಿ ಶೂನ್ಯಕ್ಕಿಂತ 60 ಡಿಗ್ರಿ ಕೆಳಕ್ಕೆ ಇಳಿದದ್ದೂ ಉಂಟು. ಐದು ಮೊಟ್ಟೆ ಎತ್ತಿಕೊಂಡರು, ಎರಡು ದಾರಿಯಲ್ಲೇ ಒಡೆದುಹೋದವು. ಉಳಿದ ಮೂರರ ಚಿಪ್ಪು ಕೊರೆದು ಒಳಗಿನ ಭ್ರೂಣಗಳನ್ನು ತೆಗೆದು ಮದ್ಯಸಾರದಲ್ಲಿ ಇಟ್ಟರು. ಮಗ್ ಮೇಲಿನ ಕಿಂಡಿ ಅದೇ.

ಇಷ್ಟು ಕಷ್ಟ ಯಾತಕ್ಕೆ? ಭ್ರೂಣ ಬೆಳೆಯುವಾಗ ತನ್ನ ಪೂರ್ವಜರ ರೂಪಗಳನ್ನು ಒಂದೊಂದಾಗಿ ಹಾದುಬರುತ್ತದೆ ಎಂಬ ಜೀವವಿಜ್ಞಾನಿ ಹೆಕೆಲ್‌ನ ಸಿದ್ಧಾಂತ ಆಗ ಚಾಲ್ತಿಯಲ್ಲಿತ್ತು. ಪೆಂಗ್ವಿನ್ ತೀರಾ ಆದಿಕಾಲದ ಹಕ್ಕಿ, ಅದರ ಭ್ರೂಣದಲ್ಲಿ ಹಲ್ಲಿನ ಗುರುತು ಸಿಕ್ಕರೆ ಸರೀಸೃಪಕ್ಕೂ ಹಕ್ಕಿಗೂ ಇರುವ ನಂಟು ಗೊತ್ತಾಗುತ್ತದೆ ಎಂದು ವಿಲ್ಸನ್ ನಂಬಿದ್ದ. ಮರುವರ್ಷ ಮಾರ್ಚ್‌ನಲ್ಲಿ, ಧ್ರುವದಿಂದ ಮರಳುವ ದಾರಿಯಲ್ಲಿ, ಸ್ಕಾಟ್ ಜೊತೆ ವಿಲ್ಸನ್ನನೂ ಬವರ್ಸನೂ ತೀರಿಕೊಂಡರು. 1913ರಲ್ಲಿ ಚೆರ್ರಿ-ಗೆರಾರ್ಡ್ ಒಬ್ಬನೇ ಮೊಟ್ಟೆಗಳನ್ನು ಲಂಡನ್ನಿನ ಮ್ಯೂಸಿಯಂಗೆ ಮುಟ್ಟಿಸಿದ. ಭ್ರೂಣಗಳ ವರದಿ ಅಚ್ಚಾದದ್ದು 1934ರಲ್ಲಿ. ಹುಡುಕಿದ ನಂಟು ಅವುಗಳಲ್ಲಿ ಸಿಗಲಿಲ್ಲ. ಅಷ್ಟರೊಳಗೆ ಹೆಕೆಲ್‌ನ ಮಾತಿಗೂ ಬೆಲೆ ಉಳಿದಿರಲಿಲ್ಲ.

ಪೆಂಗ್ವಿನ್ ಅರೆಬೆಂದ ಹಕ್ಕಿ, ಮೀನಿಗೂ ಹಕ್ಕಿಗೂ ನಡುವಿನದು ಎಂದು ಈಗಲೂ ಶಾಲಾ ಮಕ್ಕಳು ನನಗೆ ಹೇಳುವುದುಂಟು. ಪೂರಾ ತಪ್ಪು. ಹಾರುತ್ತಿದ್ದ ಹಕ್ಕಿಗಳ ವಂಶದಲ್ಲೇ ಅದು ಹುಟ್ಟಿದ್ದು. ಹಾರಾಟ ಬಿಟ್ಟು ಆರು ಕೋಟಿ ವರ್ಷ ಆಗಿದೆ, ಈಗ ಅದೇ ರೆಕ್ಕೆ ನೀರೊಳಗೆ ಬೀಸುತ್ತದೆ.

ಆದರೆ ನನ್ನನ್ನು ಮರುಳು ಮಾಡಿದ್ದು ಆ ಮೊಟ್ಟೆಗೆ ಕಾವು ಕೂರುವ ಬಗೆ. ನಮ್ಮ ಗುಡವಿಯ ಕೆರೆಯಲ್ಲಿ ಮಳೆಗಾಲದಲ್ಲಿ ದುರ್ಬೀನು ಹಿಡಿದು ಕೂತರೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳ ಸಂಸಾರವೆಲ್ಲ ಕಣ್ಣೆದುರಿಗೇ. ನೀರಲ್ಲಿ ನಿಂತ ಮರ, ಕಡ್ಡಿ ಹೆಣೆದ ಗೂಡು, ಗಂಡು ಹೆಣ್ಣು ಪಾಳಿಯ ಮೇಲೆ ಕಾವು. ಎಂಪರರ್‌ಗೆ ಮರವಿಲ್ಲ, ಕಡ್ಡಿಯಿಲ್ಲ, ಪಾಳಿಯೂ ಇಲ್ಲ. ಹೆಣ್ಣು ಸುಮಾರು 450 ಗ್ರಾಂ ತೂಗುವ ಒಂದೇ ಮೊಟ್ಟೆ ಇಟ್ಟು, ಅದನ್ನು ಗಂಡಿನ ಪಾದದ ಮೇಲೆ ಉರುಳಿಸಿ, ಸಮುದ್ರಕ್ಕೆ ಹೊರಟುಬಿಡುತ್ತದೆ. ಗಂಡು ಹೊಟ್ಟೆಯ ಕೆಳಗಿನ ಚರ್ಮದ ಮಡಿಕೆಯನ್ನು ಮೊಟ್ಟೆಯ ಮೇಲೆ ಇಳಿಬಿಟ್ಟು ಸುಮಾರು 65 ದಿನ ನಿಂತೇ ಇರುತ್ತದೆ. ಮೊಟ್ಟೆ ಹಿಮಕ್ಕೆ ಜಾರಿದರೆ ಕೆಲವೇ ನಿಮಿಷದಲ್ಲಿ ಅದರ ಕಥೆ ಮುಗಿಯಿತು.

ಜೊತೆಯಾಗುವ ಕಾಲದಿಂದ ಲೆಕ್ಕ ಹಿಡಿದರೆ ಈ ಅಪ್ಪನ ಉಪವಾಸ ನಾಲ್ಕು ತಿಂಗಳಿಗೆ ಹತ್ತಿರ. ಮೈತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಕರಗುತ್ತದೆ. ಬಿರುಗಾಳಿಗೆ ನೂರಾರು ಗಂಡುಗಳು ಮೈಗೆ ಮೈ ಒತ್ತಿ ನಿಲ್ಲುತ್ತವೆ. ಆ ಗುಂಪು ಅಲ್ಲಾಡದೆ ನಿಂತಂತೆ ಕಾಣುತ್ತದಲ್ಲ, ಅದೂ ನಿಜವಲ್ಲ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದು ಹಕ್ಕಿ ಐದು-ಹತ್ತು ಸೆಂಟಿಮೀಟರ್ ಕಾಲು ಸರಿಸುತ್ತದೆ, ಪಕ್ಕದ್ದು ಸರಿಸುತ್ತದೆ, ಹೀಗೆ ಗುಂಪಿನುದ್ದಕ್ಕೂ ಗದ್ದೆಯ ಪೈರಿನ ಮೇಲೆ ಗಾಳಿ ಹಾದಂತೆ ಒಂದು ಅಲೆ ಸಾಗುತ್ತದೆ. 2011ರಲ್ಲಿ ವಿಜ್ಞಾನಿಗಳು ಬಿಡಿಬಿಡಿ ಫೋಟೊಗಳನ್ನು ಜೋಡಿಸಿ ಇದನ್ನು ಪತ್ತೆ ಮಾಡಿದರು. ಪಾದದ ಮೇಲೆ ಮೊಟ್ಟೆ ಹೊತ್ತುಕೊಂಡೇ ಈ ನಡಿಗೆ! ತಾಯಿ ಬರುವ ಮೊದಲೇ ಮರಿ ಹೊರಬಂದರೆ, ಖಾಲಿ ಹೊಟ್ಟೆಯ ಆ ಅಪ್ಪ ಗಂಟಲ ಕೊಳವೆಯಲ್ಲಿ ಒಸರುವ ಹಾಲಿನಂಥ ದ್ರವವನ್ನೇ ಉಣಿಸುತ್ತದೆ.

ಸರೀಸೃಪಕ್ಕೂ ಹಕ್ಕಿಗೂ ಏನು ನಂಟು ಎಂದು ವಿಲ್ಸನ್ ಹುಡುಕಿದ ಉತ್ತರವೋ, ಕಲ್ಲಿನಲ್ಲಿತ್ತು. ಹಲ್ಲೂ ಗರಿಯೂ ಇದ್ದ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆ 1862ರಿಂದಲೂ ಲಂಡನ್ನಿನಲ್ಲೇ ಇತ್ತು. 1996ರಲ್ಲಿ ಚೀನಾದಲ್ಲಿ ಗರಿಯಂಥ ನವಿರು ಹೊದ್ದ ಡೈನೊಸಾರ್ ಕೂಡ ಸಿಕ್ಕಿತು.

ಪೆಂಗ್ವಿನ್ನಿನ ತೀರಾ ಹತ್ತಿರದ ನೆಂಟರೆಂದರೆ ಆಲ್ಬಟ್ರಾಸ್ ಮತ್ತು ಪೆಟ್ರೆಲ್‌ಗಳು. ಅಂಗೈಯಲ್ಲಿ ಹಿಡಿಸುವ, ನಲವತ್ತು ಗ್ರಾಂ ಆಸುಪಾಸಿನ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅಂಟಾರ್ಕ್ಟಿಕದ ಬಂಡೆ ಸಂದಿಯಲ್ಲಿ ಮರಿ ಮಾಡಿ, ಅಲ್ಲಿ ಚಳಿಗಾಲ ಬಂದಾಗ ನಮ್ಮ ಅರಬ್ಬೀ ಸಮುದ್ರದವರೆಗೂ ಬರುತ್ತದೆ. (ಈ ಹೆಸರು ನಮ್ಮ ಧ್ರುವಯಾತ್ರಿ ವಿಲ್ಸನ್ನನದಲ್ಲ, 1813ರಲ್ಲೇ ತೀರಿಕೊಂಡ ಅಲೆಕ್ಸಾಂಡರ್ ವಿಲ್ಸನ್ ಎಂಬ ಪಕ್ಷಿತಜ್ಞನದು.) ಸೊರಬದಲ್ಲಿ ಜಡಿಮಳೆ ಹೊಯ್ಯುವ ತಿಂಗಳಲ್ಲಿ ಪೆಂಗ್ವಿನ್ನಿನ ಈ ಪುಟ್ಟ ನೆಂಟ ಘಟ್ಟದಾಚೆಯ ಕಡಲಲ್ಲಿ, ನೀರಿನ ಮೇಲೆ ಕಾಲು ಬಡಿಯುತ್ತ ಓಡಾಡಿಕೊಂಡಿರುತ್ತದೆ.

ಜಡೆಯ ಸೋದರಿ, ಮಗ್ಗನ್ನು ಅಟ್ಟದಿಂದ ಇಳಿಸಿ. ಗುಡವಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಈ ಮಳೆಗಾಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಮಳೆಯಲ್ಲಿ ನೆನೆಯುತ್ತ ಕಾವಿಗೆ ಕೂತ ಹಕ್ಕಿಗಳನ್ನು ತೋರಿಸಿ, ಮನೆಗೆ ಬಂದು ಅದೇ ಮಗ್ಗಿನಲ್ಲಿ ಅವರಿಗೆ ಬಿಸಿ ಚಾ ಕೊಡಿ.