ಒಂದು ಸ್ಪೇಸ್ ಬಿಟ್ಟರೆ ‘ಧೂಮಪಾನವಿಲ್ಲ’ ಹೋಗಿ ‘ಧಾರಾಳವಾಗಿ ಸೇದಿ’ ಆಗುತ್ತದೆಯೇ?

ನಾರ್ವೆಯ ಬೋರ್ಡುಗಳ ಫೋಟೊ ಹಾಕಿ ನಗುವ ಪೋಸ್ಟ್‌ಗಳು ಇಂಟರ್ನೆಟ್‌ನಲ್ಲಿ ಓಡಾಡುತ್ತಿರುತ್ತವೆ. ‘ರೋಯ್ಕ್‌ಫ್ರಿಟ್’ ಎಂದರೆ ಧೂಮಪಾನವಿಲ್ಲದ ಜಾಗ. ಅದನ್ನೇ ಬಿಡಿಸಿ ‘ರೋಯ್ಕ್ ಫ್ರಿಟ್’ ಎಂದು ಬರೆದರೆ ‘ಧಾರಾಳವಾಗಿ ಸೇದಿ’ ಎಂದಾಗುತ್ತದಂತೆ. ಇದು ಬರೀ ಜೋಕೇ?

ಅಲ್ಲ, ನಿಜ. ಕಾರಣ ಇರುವುದು ಉಚ್ಚಾರಣೆಯಲ್ಲಿ.

ನಾರ್ವೇಜಿಯನ್ ಭಾಷೆಯಲ್ಲಿ ಎರಡು ಪದ ಸೇರಿ ಒಂದಾದಾಗ, ಸಾಮಾನ್ಯವಾಗಿ ಮೊದಲ ಪದಕ್ಕೆ ಜೋರು ಒತ್ತು, ಎರಡನೆಯದಕ್ಕೆ ಕಡಿಮೆ ಒತ್ತು. ಬೇರೆಬೇರೆ ಪದಗಳಾದರೆ ಎರಡಕ್ಕೂ ಪೂರ್ತಿ ಒತ್ತು ಬೀಳುತ್ತದೆ. ಮಾತಿನಲ್ಲಿ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಬರಹದಲ್ಲಿ ಅದನ್ನು ತೋರಿಸುವುದು ಕೂಡಿಸಿ ಬರೆಯುವ ಪದ್ಧತಿ ಮಾತ್ರ.

ಇನ್ನೊಂದು ಉದಾಹರಣೆ ನೋಡಿ. ಅನಾನಸ್‌ಗೆ ಅಲ್ಲೂ ‘ಅನನಸ್’ ಎಂದೇ ಹೆಸರು. ‘ಅನನಸ್‌ಬೀತೆರ್’ ಎಂದರೆ ಅನಾನಸ್ ತುಂಡುಗಳು. ‘ಅನನಸ್ ಬೀತೆರ್’ ಎಂದು ಬಿಡಿಸಿದರೆ ಅನಾನಸ್ ಕಚ್ಚುತ್ತದೆ!

ಕೂಡಿಸಿ ಬರೆದರೂ ಪದವನ್ನು ಎಲ್ಲಿ ಒಡೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ‘ಹುಸ್’ ಎಂದರೆ ಮನೆ, ‘ಅರೆಸ್ಟ್’ ನಮಗೂ ಗೊತ್ತಿರುವ ಅರೆಸ್ಟೇ. ಎರಡೂ ಸೇರಿದರೆ ಗೃಹಬಂಧನ. ಆದರೆ ಅದೇ ಅಕ್ಷರಗಳನ್ನು ‘ಹುಸಾರ್’ ಮತ್ತು ‘ರೆಸ್ಟ್’ ಎಂದು ಒಡೆದರೆ ‘ಕುದುರೆ ಸವಾರ ಸೈನಿಕನ ಉಳಿಕೆ’ ಎಂಬ ವಿಚಿತ್ರ ಅರ್ಥ ಬರುತ್ತದೆ. ಮೊದಲನೆಯದರಲ್ಲಿ ಜೋರು ಒತ್ತು ‘ಹುಸ್’ ಮೇಲೆ, ಎರಡನೆಯದರಲ್ಲಿ ‘ಸಾರ್’ ಮೇಲೆ. ಅದಕ್ಕೇ ಸಾಲಿನ ಕೊನೆಯಲ್ಲಿ ಇಂಥ ಪದ ತುಂಡರಿಸಬೇಕಾದರೆ, ಎರಡು ಪದ ಸೇರುವ ಜಾಗದಲ್ಲೇ ತುಂಡರಿಸಬೇಕು.

ಈ ತಪ್ಪಿಗೆ ನಾರ್ವೆಯಲ್ಲಿ ‘ಸೇರ್‌ಸ್ಕ್ರೀವಿಂಗ್’, ಅಂದರೆ ‘ಬಿಡಿಸಿ ಬರೆಯುವುದು’ ಎಂಬ ಹೆಸರೇ ಇದೆ. ಇಂಗ್ಲಿಷ್‌ನಲ್ಲಿ ಇಂಥ ಎಷ್ಟೋ ಪದಗಳನ್ನು ಬಿಡಿಸಿ ಬರೆಯುತ್ತಾರೆ. ಅದರ ಪ್ರಭಾವವೂ ಒಂದು ಕಾರಣ ಎನ್ನುತ್ತಾರೆ.

ಕನ್ನಡದಲ್ಲಿ ಒತ್ತು ಬದಲಾದ ಮಾತ್ರಕ್ಕೆ ಪದದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಈ ವ್ಯತ್ಯಾಸ ನಮ್ಮ ಗಮನಕ್ಕೆ ಬೇಗ ಬರುವುದಿಲ್ಲ. ಅಕ್ಷರ ಓದುವ ಅನುವಾದ ಆ್ಯಪ್‌ಗೂ ಒತ್ತು ಕೇಳಿಸದು, ಕಾಣುವುದು ಸ್ಪೇಸ್ ಮಾತ್ರ. ಬೋರ್ಡಿನ ಉದ್ದನೆಯ ಪದವನ್ನು ಆ್ಯಪ್‌ಗೆ ಹಾಕುವಾಗ ಸುಲಭವಾಗಲಿ ಎಂದು ಬಿಡಿಸಬೇಡಿ. ‘ಸೇದಬೇಡಿ’ ಎಂಬ ಸೂಚನೆ ನಿಮಗೆ ‘ಸೇದಿ’ ಎಂದು ತಲುಪಬಹುದು.